ಮಗಳ ರಕ್ತದಲ್ಲಿ ಇಲ್ಲದ್ದು

ಮೆದುಳುಜ್ವರ ಒಬ್ಬರಿಗೇ ಎರಡು ಸಲ ಬರುವುದಿಲ್ಲ ಎಂದು ನಾನು ನಂಬಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ನಿದ್ದೆ ಬರಬೇಕಲ್ಲ, ಅದಕ್ಕಾಗಿ ನಾನೇ ನಂಬಿಕೊಂಡದ್ದು. ಮಗಳಿಗೆ ಏಳು ವರ್ಷವಿದ್ದಾಗ ಒಮ್ಮೆ ಬಂದಿತ್ತು. ಎರಡು ವಾರ ಆಸ್ಪತ್ರೆಯಲ್ಲಿದ್ದು, ಕಣ್ಣಿಗಾಗಲಿ ಕಿವಿಗಾಗಲಿ ಊನವಾಗದೆ ಎದ್ದು ಬಂದಿದ್ದಳು. ಮುಂದಿನ ಎರಡು ವರ್ಷ ಬೆಳಿಗ್ಗೆ ಅವಳ ಹಣೆ ಮುಟ್ಟಿ ನೋಡದೆ ನಾನು ಕೆಲಸಕ್ಕೆ ಹೊರಟ ದಿನವಿಲ್ಲ.

ಆಗ ನಾವು ಕುವೈತಿನ ಮೈದಾನ್ ಹವಲ್ಲಿಯಲ್ಲಿದ್ದೆವು. ಎಂಬತ್ತರ ದಶಕ. ಮನೆಯಲ್ಲಿ ಮಗಳು, ನಾಲ್ಕು ವರ್ಷದ ಮಗ, ನಾವಿಬ್ಬರು. ನಮ್ಮವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್, ಪಾಳಿಯ ಕೆಲಸ. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಮ್ಮವರು ಎಂದೆನಲ್ಲ, ಅವರು ನನ್ನ ಅಮ್ಮನ ಒಡಹುಟ್ಟಿದ ತಮ್ಮ. ಮೈಸೂರಿನ ನಮ್ಮ ಮನೆತನದಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ತೀರಾ ಸಹಜ. ಮಾತು ಬಂದಾಗಿನಿಂದ ಮಾವ ಎಂದು ಕರೆದವಳು ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದೆ. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಆ ವರ್ಷದವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ.

ಎರಡನೆಯ ಸಲ ಬಂದದ್ದು ಮಾರ್ಚ್ ತಿಂಗಳ ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ. ಹಿಂದಿನ ದಿನವೆಲ್ಲ ಧೂಳುಗಾಳಿ ಬೀಸಿ, ಕಿಟಕಿಯ ಸಂದಿಗೆ ತುರುಕಿದ್ದ ಒದ್ದೆ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಗಳು ತಿಂಡಿಗೆ ಏಳಲಿಲ್ಲ. ಹೋಗಿ ಮುಟ್ಟಿದರೆ ಮೈ ಕಾದ ಹಂಚು. ಪರದೆ ಸರಿಸಿದ್ದೇ, "ಅಮ್ಮಾ, ನೋ! ಲೈಟ್ ಬೇಡ" ಎಂದು ಮುಖ ಮುಚ್ಚಿಕೊಂಡಳು. ತಲೆ ಎತ್ತಿಸೋಣವೆಂದು ಕತ್ತಿನ ಕೆಳಗೆ ಕೈ ಹಾಕಿದೆ. ಕತ್ತು ಬಾಗಲಿಲ್ಲ, ಹಲಗೆ ಎತ್ತಿದ ಹಾಗೆ ತಲೆ, ಹೆಗಲು ಒಟ್ಟಿಗೇ ಮೇಲೆದ್ದವು. ಪೈಜಾಮ ಸರಿಸಿ ಕಾಲು ನೋಡಿದೆ. ಮೊಣಕಾಲಿನ ಕೆಳಗೆ ಐದಾರು ಕೆನ್ನೀಲಿ ಚುಕ್ಕೆ, ಸೂಜಿಯಲ್ಲಿ ಚುಚ್ಚಿದಂತೆ. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಮಾಸಲಿಲ್ಲ.

ಮಾವ ಬೆಳಗಿನ ಪಾಳಿಗೆ ಹೋಗಿದ್ದರು. ನಾನು ಮಗನನ್ನು ಸೊಂಟಕ್ಕೆ ಹಾಕಿಕೊಂಡು ಕೆಳಗಿನ ಅಂಗಡಿಗೆ ಓಡಿದೆ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಉಳ್ಳಾಲ ಕಡೆಯ ಒಬ್ಬ ಬ್ಯಾರಿಯವರ ದಿನಸಿ ಅಂಗಡಿ ಇತ್ತು. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು.

"ಎಂತಾಯ್ತು ಅಕ್ಕ? ಮುಖ ಹೀಗೆ ಯಾಕೆ ಉಂಟು?"

"ಮಗೂಗೆ ಅದೇ ಕಾಯಿಲೆ ಭಾಯಿ. ಮತ್ತೆ ಬಂದಿದೆ."

"ಹಾಗೆಲ್ಲ ಹೇಳ್ಬೇಡಿ. ಬರೀ ಜ್ವರ ಇರ್ಬಹುದು."

"ಇಲ್ಲ, ನಂಗೆ ಗೊತ್ತು."

ಅವರು ತಕ್ಕಡಿಯ ಮುಂದೆ ನಿಂತಿದ್ದವರಿಗೆ "ಖಲಾಸ್, ಮತ್ತೆ ಬನ್ನಿ" ಎಂದು ಹೇಳಿ ಕೀ ತೆಗೆದುಕೊಂಡರು. "ಚಿಕ್ಕವ ನಮ್ಮ ಮನೆಯಲ್ಲಿ ಇರ್ಲಿ, ನನ್ನ ಹೆಂಡತಿ ನೋಡಿಕೊಳ್ತಾಳೆ. ನೀವು ಮಗುವನ್ನು ಕರ್ಕೊಂಡು ಬನ್ನಿ, ನಾನು ಗಾಡಿ ತೆಗೀತೇನೆ. ಯಲ್ಲಾ, ಬೇಗ!"

ಅಕ್ಕಿ ಮೂಟೆಗಳ ನಡುವೆ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ವ್ಯಾನಿನಲ್ಲಿ ಕೂತಿದ್ದು, ಪ್ರತಿ ಸಿಗ್ನಲ್ಲಿನಲ್ಲೂ ಅವಳ ಕಾಲಿನ ಚುಕ್ಕೆಗಳನ್ನು ಎಣಿಸಿದ್ದು ನೆನಪಿದೆ. ಮನೆಯಲ್ಲಿ ಆರು ಇದ್ದವು. ಆಸ್ಪತ್ರೆಯ ಗೇಟಿನಲ್ಲಿ ಹದಿನಾಲ್ಕಾಗಿದ್ದವು.

ಅದು ನಾನು ಕೆಲಸ ಮಾಡುವ ಆಸ್ಪತ್ರೆಯೇ. ಬೆನ್ನುಹುರಿಯ ನೀರು ತೆಗೆದರು. ನೀರಿನಷ್ಟು ತಿಳಿಯಾಗಿರಬೇಕಾದದ್ದು ಗಂಜಿಯ ತಿಳಿಯ ಹಾಗೆ ಬಂತು. ಆ ಸೀಸೆಯ ಹಿಂದೆಯೇ ನಾನೂ ಲ್ಯಾಬಿಗೆ ಹೋದೆ. ರಜೆಯ ದಿನದ ಪಾಳಿಯಲ್ಲಿದ್ದ ಸಹೋದ್ಯೋಗಿ ಗಾಜಿನ ಮೇಲೆ ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಸುಮ್ಮನೆ ಕುರ್ಚಿ ಬಿಟ್ಟು ಎದ್ದರು. ನಾನು ಕೂತು ನೋಡಿದೆ. ಅವರೆಬೇಳೆಯ ಎರಡು ಹೋಳನ್ನು ಎದುರುಬದುರು ಜೋಡಿಸಿಟ್ಟ ಹಾಗೆ, ಗುಲಾಬಿ ಬಣ್ಣದ ಜೋಡಿಗಳು. ಎರಡು ವರ್ಷದ ಹಿಂದೆಯೂ ಇವನ್ನೇ ನೋಡಿದ್ದೆ. ಅದೇ ರೋಗಾಣು.

ಪೆನಿಸಿಲಿನ್ ಕೆಲಸ ಮಾಡಿತು. ಮೂರನೆಯ ದಿನ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಹತ್ತನೆಯ ದಿನ ಮಕ್ಕಳ ವಿಭಾಗದ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದರು. ಈಜಿಪ್ಟಿನವರು, ಐವತ್ತರ ಆಸುಪಾಸು, ಮೃದು ಮಾತಿನ ಹೆಂಗಸು.

"ಒಂದೇ ರೋಗಾಣು ಎರಡು ಸಲ ಬಂದಿದೆ. ಇದು ದುರಾದೃಷ್ಟ ಅಂತ ನನಗೆ ಅನ್ನಿಸುವುದಿಲ್ಲ," ಎಂದರು. "ಪ್ರತಿಕಾಯಗಳನ್ನು ಅಳೆದಿದ್ದೀರಾ?"

ಅಳೆದಿದ್ದೆ. ಮೂರು ಬಗೆಯವೂ ಸರಿಯಾಗಿದ್ದವು.

"ಹಾಗಾದರೆ ಅದರ ಮುಂದಿನದನ್ನು ನೋಡಬೇಕು." ಚೀಟಿ ಮಗುಚಿ ಅದರ ಹಿಂಬದಿಯಲ್ಲಿ ಒಂದು ಗುಂಡಗಿನ ರೋಗಾಣು ಬರೆದು, ಅದರ ಮೈಮೇಲೆ ಚಿಕ್ಕ ಚಿಕ್ಕ ಕವಲುಗಳನ್ನು ನೆಟ್ಟರು. "ಹವಲ್ಲಿಯಲ್ಲಿ ಹಳೆಯ ಮನೆಗಳನ್ನು ಕೆಡವುತ್ತಿದ್ದಾರಲ್ಲ, ನೋಡಿದ್ದೀರಾ? ಮೊದಲು ಒಬ್ಬ ಬಂದು ಗೋಡೆಗೆ ಬಣ್ಣದ ಗುರುತು ಹಾಕಿ ಹೋಗುತ್ತಾನೆ. ಪ್ರತಿಕಾಯದ ಕೆಲಸ ಅದು. ಇದು ಶತ್ರು ಎಂದು ಗುರುತು ಹಚ್ಚುವುದು. ಕೆಡವುವವರು ಬೇರೆ."

ಕೆಡವುವವರ ಹೆಸರು ಕಾಂಪ್ಲಿಮೆಂಟ್. ಓದುವಾಗ ಪರೀಕ್ಷೆಗೆಂದು ಉರುಹೊಡೆದಿದ್ದೆ. ರಕ್ತದ ತಿಳಿಯಲ್ಲಿ, ಅಂದರೆ ಸೀರಮ್ಮಿನಲ್ಲಿ, ಸದಾ ತೇಲಾಡಿಕೊಂಡಿರುವ ಪ್ರೋಟೀನುಗಳು. ಒಂದರಿಂದ ಒಂಬತ್ತರವರೆಗೆ ನಂಬರು. ಪ್ರತಿಕಾಯ ಹೋಗಿ ರೋಗಾಣುವಿಗೆ ಅಂಟಿಕೊಂಡರೆ ಮೊದಲನೆಯದು ಎಚ್ಚರಗೊಂಡು ಮುಂದಿನದನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಅರ್ಧ ದಾರಿಯಲ್ಲಿ ಮೂರನೆಯದು ರೋಗಾಣುವಿನ ಮೈಗೆಲ್ಲ ಮೆತ್ತಿಕೊಂಡು ಬಿಳಿಯ ರಕ್ತಕಣಗಳಿಗೆ ನುಂಗಲು ಸುಲಭ ಮಾಡಿಕೊಡುತ್ತದೆ. ಕೊನೆಯ ಐದು ಒಟ್ಟು ಸೇರಿ ರೋಗಾಣುವಿನ ಗೋಡೆಗೇ ತೂತು ಕೊರೆಯುತ್ತವೆ. ತೂತು ಬಿದ್ದರೆ ಅದು ನೀರು ಕುಡಿದು ಒಡೆದು ಸಾಯುತ್ತದೆ.

"ಹೆಚ್ಚಿನ ರೋಗಾಣುಗಳಿಗೆ ನುಂಗುವುದೇ ಸಾಕು," ಎಂದರು ಡಾಕ್ಟರಮ್ಮ. "ನಿಮ್ಮ ಮಗಳಿಗೆ ನೆಗಡಿ, ಹುಣ್ಣು ಎಲ್ಲ ಬೇರೆ ಮಕ್ಕಳ ಹಾಗೇ ವಾಸಿಯಾಗುತ್ತಲ್ಲ? ಆದರೆ ಈ ಒಂದು ಜಾತಿಗೆ ಮಾತ್ರ ತೂತು ಕೊರೆಯಲೇಬೇಕು. ಅಲ್ಲಿ ಏನೋ ಇಲ್ಲ ಅಂತ ನನ್ನ ಗುಮಾನಿ. ಒಂದು ಪ್ರಶ್ನೆ. ನೀವು, ನಿಮ್ಮ ಯಜಮಾನರು ಸಂಬಂಧಿಕರಾ?"

"ಹೌದು."

"ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳಾ? ಇಲ್ಲಿ, ನಮ್ಮಲ್ಲೆಲ್ಲ ಅದು ಇದೆ," ಎಂದು ಬರೆದುಕೊಳ್ಳತೊಡಗಿದರು.

"ಅಲ್ಲ. ಅವರು ನಮ್ಮಮ್ಮನ ತಮ್ಮ."

ಪೆನ್ನು ನಿಂತಿತು. "ಮಲತಮ್ಮ?"

"ಸ್ವಂತ ತಮ್ಮ."

ಅವರ ಧರ್ಮದಲ್ಲಿ ಅದು ಕೂಡದ ಮದುವೆ ಎಂಬುದು ನನಗೆ ಗೊತ್ತಿತ್ತು. ಅವರು ತುಂಬಾ ಒಳ್ಳೆಯವರು, ತಮ್ಮ ಮುಖದಲ್ಲಿ ಏನೂ ಕಾಣದ ಹಾಗೆ ನೋಡಿಕೊಳ್ಳಲು ಪ್ರಯತ್ನಪಟ್ಟರು. ಆ ಪ್ರಯತ್ನವೇ ನನಗೆ ಕಂಡಿತು. ಹತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನನ್ನ ಮದುವೆಯ ಬಗ್ಗೆ ನಾನು ತಲೆ ತಗ್ಗಿಸಿದೆ. ಆಮೇಲೆ ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸೋಂಕು ಇರುವಾಗ ಕಾಂಪ್ಲಿಮೆಂಟ್ ಖರ್ಚಾಗಿರುತ್ತದೆ, ಆದ್ದರಿಂದ ಆರು ವಾರ ಕಳೆದ ಮೇಲೆಯೇ ಪರೀಕ್ಷೆ ಮಾಡಬೇಕು ಎಂದರು. ಆ ಆರು ವಾರ ನಾನು ಹೇಗೆ ಕಳೆದೆನೋ. ಶಾಲೆಯಿಂದ ಬಂದ ಕೂಡಲೇ ಥರ್ಮಾಮೀಟರ್. ಸ್ನಾನ ಮಾಡಿಸುವ ನೆಪದಲ್ಲಿ ಕಾಲು, ಹೊಟ್ಟೆ, ಬೆನ್ನು ತಪಾಸಣೆ. ಒಮ್ಮೆ ಮೊಣಕಾಲಿನಲ್ಲಿ ಕೆಂಪು ಕಂಡು ಚೀರಿಯೇಬಿಟ್ಟೆ. "ಅಮ್ಮಾ, ಇಟ್ಸ್ ಸ್ಕೆಚ್ ಪೆನ್!" ಎಂದು ಅವಳು ಉಗುಳು ಹಚ್ಚಿ ಅಳಿಸಿ ತೋರಿಸಿದಳು.

ನಮ್ಮ ಲ್ಯಾಬಿನಲ್ಲಿ ಆ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ. ನಾನೇ ಪುಸ್ತಕ ನೋಡಿ ಸಿದ್ಧ ಮಾಡಿಕೊಂಡೆ. ರೋಗಾಣುಗಳ ಬದಲು ಅದರಲ್ಲಿ ಕುರಿಯ ಕೆಂಪು ರಕ್ತಕಣಗಳನ್ನು ಬಳಸುತ್ತಾರೆ. ಕುರಿಯ ರಕ್ತಕಣದ ವಿರುದ್ಧ ಮೊಲದಲ್ಲಿ ತಯಾರಾದ ಪ್ರತಿಕಾಯ ಸೀಸೆಯಲ್ಲಿ ಸಿಗುತ್ತದೆ. ಅದನ್ನು ಸೇರಿಸಿ ಕಣಗಳಿಗೆ ಗುರುತು ಹಚ್ಚುವುದು. ಆಮೇಲೆ ಮನುಷ್ಯರ ಸೀರಮ್ ಹಾಕಿ ಮೈಶಾಖದ ನೀರಿನಲ್ಲಿಡುವುದು. ಸೀರಮ್ಮಿನಲ್ಲಿ ಕಾಂಪ್ಲಿಮೆಂಟ್ ಇದ್ದರೆ ರಕ್ತಕಣಗಳೆಲ್ಲ ಒಡೆದು ಇಡೀ ಟ್ಯೂಬು ದಾಳಿಂಬೆ ರಸದ ಹಾಗೆ ತಿಳಿಗೆಂಪಾಗುತ್ತದೆ. ಇಲ್ಲದಿದ್ದರೆ ಮೇಲಿನದು ಬರೀ ನೀರು, ಕಣಗಳೆಲ್ಲ ತಳದಲ್ಲಿ ಕೆಂಪು ಗುಂಡಿಯಂತೆ ಕೂತಿರುತ್ತವೆ. ನಾಲ್ಕನೆಯ ಕ್ಲಾಸಿನ ಮಗುವೂ ಓದಬಹುದಾದ ಫಲಿತಾಂಶ.

ಮೇ ತಿಂಗಳ ಮೊದಲ ವಾರ ಹೊರರೋಗಿಗಳ ವಿಭಾಗದಲ್ಲಿ ನರ್ಸ್ ಮಗಳ ರಕ್ತ ತೆಗೆದು ಕಳಿಸಿದರು. ಮಧ್ಯಾಹ್ನ ಟ್ಯೂಬುಗಳನ್ನು ನೀರಿನಿಂದ ತೆಗೆದಾಗ, ಒಂದರಲ್ಲೂ ಕೆಂಪು ಬಿಟ್ಟಿರಲಿಲ್ಲ. ಎಲ್ಲದರ ತಳದಲ್ಲೂ ಗುಂಡಿ.

ಆಗ ನನಗೆ ಅನ್ನಿಸಿದ್ದು ಸಮಾಧಾನ. ನಗಬೇಡಿ. ಕಾಂಪ್ಲಿಮೆಂಟ್ ಬಹಳ ಸೂಕ್ಷ್ಮ. ಸೆಕೆಯಲ್ಲಿ ಬಿಟ್ಟರೆ ಸತ್ತುಹೋಗುತ್ತದೆ. ಆ ಟ್ಯೂಬು ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಎರಡು ಗಂಟೆ ಬಿದ್ದಿತ್ತು ಎಂಬುದನ್ನು ವಿಚಾರಿಸಿ ತಿಳಿದುಕೊಂಡಿದ್ದೆ. ಹಾಗಾದರೆ ತಪ್ಪು ಬಿಸಿಲಿನದು, ಮಗಳಲ್ಲಿ ಎಲ್ಲ ಸರಿಯಾಗಿದೆ. ಅಂದು ಮನೆಗೆ ಹೋಗಿ ಮಾವನಿಗೂ ಹಾಗೇ ಹೇಳಿದೆ. ಅವರೂ ಹಾಗೇ ನಂಬಿದರು. ಇಬ್ಬರೂ ಮಕ್ಕಳನ್ನು ಕರೆದುಕೊಂಡು ಸಮುದ್ರದ ದಂಡೆಗೆ ಹೋಗಿ ಬಂದೆವು.

ಮರುವಾರ ನಾನೇ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಐಸು ತುಂಬಿದ ಬೋಗುಣಿ ಪಕ್ಕದಲ್ಲಿಟ್ಟುಕೊಂಡು ನನ್ನ ಕೈಯಿಂದಲೇ ಅವಳ ರಕ್ತ ತೆಗೆದೆ. ಜೊತೆಗೆ ನನ್ನ ರಕ್ತವನ್ನೂ ತೆಗೆಸಿದೆ. ಮೂರು ಸಾಲು ಟ್ಯೂಬು ಜೋಡಿಸಿದೆ: ನನ್ನ ಸೀರಮ್ಮಿನದು, ನನ್ನದೇ ಸೀರಮ್ಮನ್ನು ಬಿಸಿ ಮಾಡಿ ಕಾಂಪ್ಲಿಮೆಂಟ್ ಸಾಯಿಸಿದ್ದು, ಮಗಳದು.

"ಇದು ಕುರಿದಾ?" ಎಂದು ಮಗಳು ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತ ಕೇಳಿದಳು. "ಪೂರ್ ಶೀಪ್."

"ಹೂಂ. ನಿನ್ನ ರಕ್ತಕ್ಕೆ ಇದನ್ನ ಒಡೆಯೋಕೆ ಬರತ್ತಾ ನೋಡೋಣ."

"ಬರದಿದ್ರೆ?"

"ಬರತ್ತೆ."

ನನ್ನ ಸಾಲು ದಾಳಿಂಬೆ ರಸವಾಯಿತು. ಬಿಸಿ ಮಾಡಿದ ಸಾಲಿನಲ್ಲಿ ತಳದಲ್ಲಿ ಗುಂಡಿ. ಮಗಳ ಸಾಲು ಆ ಬಿಸಿ ಮಾಡಿದ ಸಾಲಿಗಿಂತ ಒಂದಿಷ್ಟೂ ಬೇರೆಯಾಗಿರಲಿಲ್ಲ. ಎರಡನ್ನೂ ಬೆಳಕಿಗೆ ಹಿಡಿದೆ, ಯಾವುದು ಯಾವುದೆಂದು ಚೀಟಿ ನೋಡಿಯೇ ಹೇಳಬೇಕಿತ್ತು.

"ಬಂತಾ?" ಎಂದಳು.

ನಾನು ಸುಳ್ಳು ಹೇಳಲಿಲ್ಲ. "ಇಲ್ಲ ಪುಟ್ಟಾ. ಬರಲಿಲ್ಲ."

ಅವಳು ಟ್ಯೂಬನ್ನು ಸ್ವಲ್ಪ ಹೊತ್ತು ನೋಡಿ, "ಓಕೆ," ಎಂದಳು.

ಯಾವುದು ಇಲ್ಲ ಎಂದು ತಿಳಿಯಲು ಸೀರಮ್ಮನ್ನು ಐಸಿನಲ್ಲಿಟ್ಟು ಲಂಡನ್ನಿನ ಒಂದು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಮಗನನ್ನೂ ಪರೀಕ್ಷಿಸಬೇಕು. ಇಂಥ ಕೊರತೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಒಂದೇ ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಎರಡೂ ಕೂಡಿದ ಮಗುವಿಗೆ ತೊಂದರೆ. ಗಂಡ ಹೆಂಡತಿ ಒಂದೇ ಮನೆಯ ರಕ್ತವಾದರೆ ಇಬ್ಬರಲ್ಲೂ ಅದೇ ಅರ್ಧ ಇರುವ ಸಂಭವ ಹೆಚ್ಚು.

ಇದನ್ನು ಮಾವನಿಗೆ ಹೇಳಿದೆ. ಅವರು ಊಟದ ತಟ್ಟೆಯ ಮುಂದೆ ಕೂತಿದ್ದರು.

"ಅವನಿಗೆ ಟೆಸ್ಟ್ ಬೇಡ," ಎಂದರು. "ಚೆನ್ನಾಗೇ ಇದಾನೆ."

"ಅವಳೂ ಏಳು ವರ್ಷದ ತನಕ ಚೆನ್ನಾಗೇ ಇದ್ಲು ಮಾವ."

"ಗೊತ್ತಾಗಿ ಏನ್ ಮಾಡ್ತೀಯ? ಎರಡು ಮಕ್ಕಳ ಹಿಂದೆ ಥರ್ಮಾಮೀಟರ್ ಹಿಡ್ಕೊಂಡು ಓಡಾಡ್ತೀಯಾ?"

"ಓಡಾಡ್ತೀನಿ."

ಅವರು ತುತ್ತು ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. "ನನ್ನನ್ನ ಕಟ್ಕೋಬಾರದಾಗಿತ್ತು ಅಂತ ಅನ್ನಿಸ್ತಿದ್ಯಾ ನಿಂಗೆ?" ಎಂದು ಕೇಳಿದರು.

ಇಲ್ಲ ಎಂದು ತಟ್ಟನೆ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಒಂದು ಗಳಿಗೆ ಕಳೆದುಹೋಯಿತು. ಆ ಒಂದು ಗಳಿಗೆಯನ್ನು ಅವರು ಬಹಳ ದಿನ ಮರೆಯಲಿಲ್ಲ. ನಾನೂ ಮರೆತಿಲ್ಲ.

ನಾಲ್ಕು ದಿನ ಬಿಟ್ಟು ಅವರೇ ಮಗನನ್ನು ಎತ್ತಿಕೊಂಡು ಲ್ಯಾಬಿಗೆ ಬಂದರು. ಡ್ಯೂಟಿಯ ಬೂಟು ಹಾಗೇ ಇತ್ತು. "ನಂದೂ ತಗೋ," ಎಂದು ಮೊದಲು ತಮ್ಮ ತೋಳು ಚಾಚಿದರು. ಅಪ್ಪನದನ್ನು ನೋಡಿ ಮಗ ಅಳದೆ ಕೈ ಕೊಟ್ಟ. ನೀರಿನಲ್ಲಿಟ್ಟ ಟ್ಯೂಬುಗಳ ಮುಂದೆ ಅವರು ಮಗನನ್ನು ಹೆಗಲ ಮೇಲೆ ಮಲಗಿಸಿಕೊಂಡು ಇಡೀ ಹೊತ್ತು ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಮಗನ ಸಾಲು ಕೆಂಪಾಯಿತು. ಮೊದಲ ಟ್ಯೂಬಿನಿಂದ ಹಿಡಿದು ಎಷ್ಟು ಆಗಬೇಕೋ ಅಷ್ಟೂ ಕೆಂಪು. ಮಾವನದೂ ಆಯಿತು. "ಅಂದ್ರೆ ಇವನಿಗೆ ಇದೆ?" ಎಂದು ಮೂರು ಸಲ ಕೇಳಿ ಗಟ್ಟಿ ಮಾಡಿಕೊಂಡು, ಅವರು ಮಗನ ಬೆನ್ನಿಗೆ ಮುಖ ಒತ್ತಿದರು. ನನಗೂ ಸಂತೋಷವೇ. ಆದರೆ ಒಂದು ಮಗುವಿಗೆ ಇದೆ ಎಂದು ಸಂತೋಷಪಟ್ಟರೆ ಇನ್ನೊಂದು ಮಗುವಿಗೆ ಮೋಸ ಮಾಡಿದ ಹಾಗೆ ಅನ್ನಿಸಿ, ಟ್ಯೂಬುಗಳನ್ನು ಬೇಗ ಬೇಗ ತೊಳೆದಿಟ್ಟೆ.

ಲಂಡನ್ನಿನಿಂದ ಕಾಗದ ಬಂತು. ಇಲ್ಲದಿದ್ದುದು ಆರನೆಯದು. ಒಂದರಿಂದ ಐದರವರೆಗೆ ಎಲ್ಲ ಇದ್ದು, ಏಳು ಎಂಟು ಒಂಬತ್ತೂ ಇದ್ದು, ನಡುವೆ ಅದೊಂದು ಇಲ್ಲ. ಅದಿಲ್ಲದೆ ಮುಂದಿನವು ಇದ್ದೂ ಪ್ರಯೋಜನವಿಲ್ಲ. ಅದನ್ನು ಔಷಧಿಯಾಗಿ ಕೊಡಲು ಬರುವುದಿಲ್ಲ.

"ಹಾಗಂತ ಕೈಕಟ್ಟಿ ಕೂರಬೇಕಿಲ್ಲ," ಎಂದರು ಡಾಕ್ಟರಮ್ಮ. "ಕೆಡವುವವರು ಕಡಿಮೆ ಇದ್ದರೆ ಗುರುತು ಹಾಕುವವರನ್ನು ಹೆಚ್ಚು ಮಾಡೋಣ. ಲಸಿಕೆ ಹಾಕಿಸಿದರೆ ಪ್ರತಿಕಾಯ ಹೆಚ್ಚಾಗುತ್ತದೆ. ರೋಗಾಣುವಿನ ಮೈತುಂಬ ಗುರುತು ಬಿದ್ದರೆ, ತೂತು ಕೊರೆಯಲು ಆಗದಿದ್ದರೂ ಬಿಳಿಯ ಕಣಗಳು ನುಂಗಿಹಾಕುತ್ತವೆ." ಆದರೆ ಆ ಲಸಿಕೆ ಮಕ್ಕಳ ವಿಭಾಗದಲ್ಲಿ ಇಟ್ಟಿರಲಿಲ್ಲ, ತರಿಸಲು ಬರೆಯುತ್ತೇನೆ, ತಿಂಗಳುಗಟ್ಟಲೆ ಆಗಬಹುದು ಎಂದರು.

ಇದನ್ನು ಅಂಗಡಿ ಭಾಯಿಯ ಮುಂದೆ ಹೇಳಿದೆ. ಹೇಳುವ ಉದ್ದೇಶವೇನೂ ಇರಲಿಲ್ಲ. ಮೊಸರು ತೆಗೆದುಕೊಳ್ಳಲು ಹೋದವಳು, ಅವರು "ಮಗು ಹೇಗೆ ಉಂಟು?" ಎಂದದ್ದೇ ಕಣ್ಣೀರು ಬಂತು.

"ಯಾವ ಇಂಜೆಕ್ಷನ್ ಅಕ್ಕ? ಮೆದುಳುಜ್ವರದ್ದಾ?" ಅವರು ಅಂಗಿಯ ತೋಳು ಮಡಚಿದರು. "ಹಜ್ಜಿಗೆ ಹೋಗುವಾಗ ನನಗೆ ಇಲ್ಲಿ ಚುಚ್ಚಿದ್ದು ಅದೇ ಅಲ್ಲವಾ? ಅಲ್ಲಿ ಜನ ಸೇರ್ತಾರಲ್ಲ, ಅದಕ್ಕೆ. ಹಜ್ಜಿಗೆ ಹೋಗುವವರಿಗೆ ಕೊಡುವ ಕ್ಲಿನಿಕ್ಕಿನಲ್ಲಿ ಫ್ರಿಜ್ಜು ತುಂಬ ಉಂಟು ಮಾರಾಯ್ರೆ! ನಿಮ್ಮ ಡಾಕ್ಟರ್ ಹತ್ರ ಒಂದು ಚೀಟಿ ಬರೆಸಿ."

ಚೀಟಿ ಬರೆಸಿದೆ. ಬಿಳಿ ಗಡ್ಡದ ಹಿರಿಯರ ಸಾಲಿನಲ್ಲಿ ಎರಡು ಜಡೆಯ ನನ್ನ ಮಗಳೂ ನಿಂತು ಚುಚ್ಚಿಸಿಕೊಂಡಳು. ಆ ಲಸಿಕೆ ರೋಗಾಣುವಿನ ಎಲ್ಲ ಬಗೆಗಳಿಗೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದ್ದರಿಂದ ಶಾಲೆಯ ಚೀಲಕ್ಕೆ ಒಂದು ಕಾರ್ಡು ಬರೆದಿಟ್ಟೆವು, ಇಂಗ್ಲಿಷಿನಲ್ಲೂ ಅರಬಿಯಲ್ಲೂ: ಈ ಮಗುವಿಗೆ ಜ್ವರ ಬಂದರೆ ಕಾಯಬೇಡಿ, ಕೂಡಲೇ ಪೆನಿಸಿಲಿನ್ ಕೊಟ್ಟು ಆಸ್ಪತ್ರೆಗೆ ಕಳಿಸಿ.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಪತ್ರ ಬಂತು. ನನ್ನ ತಂಗಿಯ ಮದುವೆ ಗೊತ್ತು ಮಾಡುತ್ತಿದ್ದರು. ವರ ಬೇರೆ ಯಾರೂ ಅಲ್ಲ, ನಮ್ಮ ಚಿಕ್ಕ ಮಾವ. ಅಮ್ಮನ ಕಿರಿಯ ತಮ್ಮ, ನಮ್ಮವರಿಗಿಂತ ಏಳು ವರ್ಷ ಚಿಕ್ಕವರು. "ನಿನ್ನ ಹಾಗೆ ಅವಳೂ ನಮ್ಮ ಮನೆಯಲ್ಲೇ ಉಳಿದರೆ ನನಗೆ ನೆಮ್ಮದಿ" ಎಂದು ಅಮ್ಮ ಬರೆದಿದ್ದಳು. ಅಮ್ಮನಿಗೆ ನಾವು ಏನೂ ತಿಳಿಸಿರಲಿಲ್ಲ. ಮಗಳಿಗೆ ಜ್ವರ ಬಂದು ವಾಸಿಯಾಯಿತು ಎಂದಷ್ಟೇ ಅವಳಿಗೆ ಗೊತ್ತು.

"ಹೇಳ್ಬೇಡ," ಎಂದರು ಮಾವ. "ನಮ್ಮ ಮದುವೆ ಮಾಡ್ಸಿದ್ದೇ ಅಕ್ಕ. ತನ್ನಿಂದಾನೇ ಮೊಮ್ಮಗಳಿಗೆ ಹೀಗಾಯ್ತು ಅಂತ ಅವಳು ಪ್ರಾಣ ಬಿಟ್ಟಾಳು."

"ಹೇಳ್ದೆ ಇದ್ರೆ ತಂಗಿಗೆ ಹುಟ್ಟೋ ಮಗೂಗೆ ಯಾರು ಹೊಣೆ? ಅಲ್ಲಿ ಈ ಟೆಸ್ಟ್ ಮಾಡೋರು ಯಾರಿದಾರೆ?"

ಎರಡು ವಾರ ಇದೇ ಆಯಿತು. ಪತ್ರ ಬರೆಯಲು ಕೂತರೆ ಪ್ರತಿ ಸಾಲೂ ದೂರಿನ ಹಾಗೆ ಕಾಣುತ್ತಿತ್ತು. ಆಗ ಊರಿಗೆ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುವ ರೂಢಿಯಿತ್ತು. ಒಂದು ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿದ್ದಾಗ, ಸದ್ದು ಬೀಳದಿರಲೆಂದು ಏಸಿ ಆರಿಸಿ, ಬೆವರುತ್ತ ಟೇಪ್ ರೆಕಾರ್ಡರಿನ ಮುಂದೆ ಕೂತೆ. ಕುರಿಯ ರಕ್ತದಿಂದ ಹಿಡಿದು ಎಲ್ಲವನ್ನೂ ಹೇಳಿದೆ. "ಅಮ್ಮಾ, ನಾನು ನಿನ್ನನ್ನ ದೂರ್ತಾ ಇಲ್ಲ. ಮಾವನನ್ನ ಮದುವೆಯಾಗಿ ನಾನು ಸುಖವಾಗೇ ಇದೀನಿ. ಆದ್ರೆ ತಂಗೀನ ಹೊರಗೆ ಕೊಡು," ಎಂದು ಹೇಳಿ ಮುಗಿಸಿದಾಗ, ಬಾಗಿಲಲ್ಲಿ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ಕ್ಯಾಸೆಟ್ ತೆಗೆದು, ತಾವೇ ಲಕೋಟೆಯ ಮೇಲೆ ವಿಳಾಸ ಬರೆದರು.

ಏಳು ವಾರ ಉತ್ತರವಿಲ್ಲ. ಕೆಲಸದಿಂದ ಬರುತ್ತ ದಿನವೂ ಅಂಚೆ ಡಬ್ಬಿಯ ಬೀಗ ತೆಗೆದು ನೋಡುತ್ತಿದ್ದೆ. ಕೊನೆಗೆ ಒಂದು ನೀಲಿ ಏರೋಗ್ರಾಮ್ ಬಂತು, ಅಮ್ಮನ ದುಂಡು ಅಕ್ಷರ. ಮಾವನಿಗೆ ನಾನೇ ಗಟ್ಟಿಯಾಗಿ ಓದಿದೆ.

"ಕ್ಯಾಸೆಟ್ ಕೇಳಿದೆ. ಎರಡು ಸಲ ಕೇಳಿದೆ. ನಿನ್ನ ಗಂಡನಿಗೂ ನನಗೂ ನಡುವೆ ಒಬ್ಬ ತಮ್ಮನಿದ್ದ. ಹನ್ನೊಂದು ವರ್ಷಕ್ಕೆ ಹೋದ. ಜ್ವರ ಬಂದು ಕತ್ತು ಸೆಟೆದುಕೊಂಡಿತು, ಮೈಮೇಲೆಲ್ಲ ಕಪ್ಪು ಚುಕ್ಕೆ. ಅದರ ಹಿಂದಿನ ವರ್ಷವೂ ಹಾಗೇ ಬಂದು ವಾಸಿಯಾಗಿತ್ತು. ಎರಡನೆಯ ಸಲ ವಾಸಿಯಾಗಲಿಲ್ಲ. ಆಗ ನನಗೆ ಹದಿನಾರು. ಅವನ ತಲೆ ನನ್ನ ತೊಡೆಯ ಮೇಲಿತ್ತು. ನಮ್ಮ ಅಪ್ಪ ಅಮ್ಮನೂ ಸೋದರಮಾವ, ಅಕ್ಕನ ಮಗಳು ಎಂಬುದು ನಿನಗೆ ಗೊತ್ತೇ ಇದೆ. ದೇವರ ಕೋಪ ಎಂದರು, ಮನೆಯಲ್ಲಿ ಆ ಮಾತು ಎತ್ತಬಾರದು ಎಂದು ಅಪ್ಪ ಆಣೆ ಹಾಕಿಸಿದರು. ನಾನು ಎತ್ತಲಿಲ್ಲ. ಎತ್ತಿದ್ದರೆ ನಿನಗೆ ಅನುಕೂಲವಾಗುತ್ತಿತ್ತೋ ಏನೋ. ನಿನ್ನ ತಂಗಿಗೆ ಹೊರಗೆ ನೋಡುತ್ತಿದ್ದೇವೆ. ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೋ."

ಮಾವನಿಗೆ ಆಗ ನಾಲ್ಕು ವರ್ಷವಂತೆ. "ನನ್ನನ್ನ ಪಕ್ಕದ ಮನೆಗೆ ಕಳಿಸಿದ್ರು," ಎಂದರು. "ಅಲ್ಲಿ ಕೋಡುಬಳೆ ಕೊಟ್ರು. ವಾಪಸ್ ಬಂದಾಗ ಅಣ್ಣ ಇರ್ಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಅಪ್ಪ ಹೊಡೆದ್ರು. ಆಮೇಲೆ ಅಂಥ ಒಬ್ಬ ಇದ್ದ ಅನ್ನೋದನ್ನೇ ಮರೆತುಬಿಟ್ಟೆ ಕಣೇ." ನಂತರ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟರು. ನೀರಿನ ಸದ್ದಿನೊಳಗಿಂದ ಅವರು ಅಳುವುದು ಕೇಳಿಸುತ್ತಿತ್ತು.

ತಂಗಿಯ ಮದುವೆ ಹಾಸನದ ಕಡೆಯ ಹುಡುಗನ ಜೊತೆ ಆಯಿತು. ಚಿಕ್ಕ ಮಾವ ಒಂದೆರಡು ವರ್ಷ ನಮ್ಮೊಡನೆ ಮುನಿಸಿಕೊಂಡಿದ್ದು, ಆಮೇಲೆ ಅವರೂ ಬೇರೆ ಕಡೆ ಮದುವೆಯಾದರು.

ಮಗಳಿಗೆ ಹನ್ನೊಂದು ತುಂಬಿದ ಮೇಲೆ ನನ್ನ ಹೆದರಿಕೆ ಮಿತಿ ಮೀರಿತು. ಅಮ್ಮ ಬರೆದಿದ್ದ ಆ ಹನ್ನೊಂದು ಎಂಬ ಅಂಕಿಯೇ ಸಾಕಾಗಿತ್ತು. ಅದೇ ಚಳಿಗಾಲ ಒಂದು ದಿನ ಲ್ಯಾಬಿಗೆ ಶಾಲೆಯಿಂದ ಫೋನು ಬಂತು. ಎರಡನೆಯ ಪೀರಿಯಡ್ಡಿನಲ್ಲಿ ಅವಳೇ ಎದ್ದು ಟೀಚರಿಗೆ ಕಾರ್ಡು ಕೊಟ್ಟು, ನನಗೆ ಚಳಿ ಬರ್ತಿದೆ, ಇದನ್ನು ಓದಿ ಎಂದಳಂತೆ. ಶಾಲೆಯ ನರ್ಸ್ ಇಂಜೆಕ್ಷನ್ ಕೊಟ್ಟು ಕಾರಿನಲ್ಲಿ ಕೂರಿಸಿ ಕಳಿಸಿದ್ದರು. ನಾನು ಗೇಟಿಗೆ ಓಡಿಬರುವಷ್ಟರಲ್ಲಿ ಅವಳು ತಾನಾಗಿ ನಡೆದುಕೊಂಡು ಒಳಗೆ ಬರುತ್ತಿದ್ದಳು, ಹಲ್ಲು ಕಟಕಟ ಎನ್ನುತ್ತಿದ್ದವು. ಕಾಲಿನ ಮೇಲೆ ಎರಡೇ ಚುಕ್ಕೆ.

ಈ ಸಲ ನಾನು ಮೈಕ್ರೋಸ್ಕೋಪಿನ ಹತ್ತಿರ ಹೋಗಲಿಲ್ಲ. ಆಗಲಿಲ್ಲ. ಮಂಚದ ಪಕ್ಕದಲ್ಲೇ ಕೂತಿದ್ದೆ. ರಕ್ತದಲ್ಲಿ ಅದೇ ರೋಗಾಣು ಬೆಳೆಯಿತು, ಬೆನ್ನುಹುರಿಯ ನೀರು ಮಾತ್ರ ತಿಳಿಯಾಗಿತ್ತು. ಮೆದುಳಿಗೆ ಏರುವ ಮೊದಲೇ ಸಿಕ್ಕಿಬಿದ್ದಿತ್ತು. ಲಸಿಕೆ ಒಳಗೊಳ್ಳದ ಬಗೆಯದು ಎಂದು ಡಾಕ್ಟರಮ್ಮ ಹೇಳಿದರು. ಅಂದಿನಿಂದ ದಿನಕ್ಕೆರಡು ಪೆನಿಸಿಲಿನ್ ಮಾತ್ರೆ, ಎಷ್ಟು ವರ್ಷವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಕಳಿಸುವ ದಿನ ಮಗಳು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಏನೋ ಯೋಚಿಸಿ ಕೇಳಿದಳು:

"ಅಮ್ಮಾ, ಕ್ಯಾನ್ ಐ ಗೆಟ್ ಮ್ಯಾರೀಡ್? ದೊಡ್ಡವಳಾದ ಮೇಲೆ?"

"ಯಾಕಾಗಬಾರ್ದು? ಯಾರನ್ನ ಬೇಕಾದ್ರೂ ಆಗು. ನಮ್ಮ ಮನೆಯೋರನ್ನ ಮಾತ್ರ ಬೇಡ."

"ಯಕ್! ನಿಮ್ಮನ್ನೆಲ್ಲ ಯಾರು ಮದುವೆಯಾಗ್ತಾರೆ?" ಎಂದಳು.

ಚೀಲ ತುಂಬುತ್ತಿದ್ದ ಮಾವ ಗಟ್ಟಿಯಾಗಿ ನಕ್ಕರು. ಆ ವರ್ಷ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಾನೂ ನಕ್ಕೆ, ನಗುತ್ತಲೇ ಮಾತ್ರೆಗಳ ಡಬ್ಬಿಯಲ್ಲಿ ಮುಂದಿನ ತಿಂಗಳವರೆಗೆ ಸಾಕಾಗುವಷ್ಟು ಇದೆಯೇ ಎಂದು ಇನ್ನೊಮ್ಮೆ ನೋಡಿದೆ.